ಜೇಡನ ಎಳೆ
ಕುಕ್ಕುವಾಡದ ಹೊಲದ ಬದುವಿನ ಮೇಲೆ ನಿಂತು, ಹೆಬ್ಬೆರಳನ್ನು ಮುಂದೆ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿ. ದೂರದ ಮರದೆದುರು ಬೆರಳು ಪಕ್ಕಕ್ಕೆ ಜಿಗಿಯುತ್ತದೆ. ಇದೇ ಪ್ಯಾರಲಾಕ್ಸ್.

ಸುಮಾರು 1640ರಲ್ಲಿ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕೋಯಿನ್ ದೂರದರ್ಶಕದೊಳಗೆ ಬಿಂಬ ಮೂಡುವ ಜಾಗದಲ್ಲೇ ಎಳೆ ಕಟ್ಟಿದ. ದಾರಿ ತೋರಿದ್ದು ಒಳಗೆ ಸೇರಿದ್ದ ಜೇಡನ ನೂಲಂತೆ! 1644ರ ಯುದ್ಧದಲ್ಲಿ ಆತ ಮಡಿದ, ಎಳೆ ಉಳಿಯಿತು.

1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು, ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿಯುತ್ತ ಹೋದ ವಿಲಿಯಂ ಲ್ಯಾಂಬ್ಟನ್‌ಗೂ ಥಿಯೊಡಲೈಟಿನಲ್ಲಿ ಇಂಥ ಎಳೆಯೇ ಆಧಾರ. ಬಿಂಬವು ಎಳೆಯ ಸಮತಲದಲ್ಲಿ ಬೀಳದಿದ್ದರೆ ಕಣ್ಣು ಕದಲಿದಂತೆ ಕೋನ ತಪ್ಪುತ್ತದೆ. ಆ ತಪ್ಪು ಮುಂದಿನ ಬೆಟ್ಟಕ್ಕೂ ಜೊತೆಗೇ ಹೋಗುತ್ತದೆ.

ರೈಫಲ್ ದೂರದರ್ಶಕಕ್ಕೂ ಇದೇ ಕ್ರಮ. ಮೊದಲು ಕಣ್ಣಿನ ಕಡೆಯ ಮಸೂರ ತಿರುಗಿಸಿ ಎಳೆಯನ್ನು ಸ್ಪಷ್ಟಮಾಡಬೇಕು, ಬಳಿಕ ಗುರಿಯ ಬಿಂಬವನ್ನು. ತಲೆ ತುಸು ಅಲುಗಿಸಿದರೂ ಎಳೆ ಗುರಿ ಬಿಟ್ಟು ಕದಲಬಾರದು.