ಸ್ನೇಹಕೋಷ್ಠವೂ ಅದರ ಕಾವಲೂ

ದೀಪವನ್ನು ಕುರಿತು ನಮ್ಮ ಕವಿಗಳೂ ಶಾಸ್ತ್ರಕಾರರೂ ಶಾಸನಕರ್ತರೂ ಬಹಳವಾಗಿ ಹೇಳಿರುವರು. ಆದರೆ ಆ ದೀಪಕ್ಕೆ ಎಣ್ಣೆಯನ್ನು ಒದಗಿಸುತ್ತಿದ್ದ ಭಾಂಡವು ಎಲ್ಲಿತ್ತು, ಯಾರ ವಶದಲ್ಲಿತ್ತು, ಅದರಿಂದ ಮನೆಗಾಗಲಿ ಗುಡಿಗಾಗಲಿ ಅಪಾಯವುಂಟಾಗದಂತೆ ನೋಡಿಕೊಳ್ಳುವ ಭಾರವು ಯಾರದಾಗಿತ್ತು ಎಂಬ ವಿಚಾರವನ್ನು ಕೈಗೊಂಡವರು ವಿರಳ. ವಿಷಯವು ಅಲ್ಪವೆಂದು ತೋರಬಹುದು. ಅಲ್ಪವಲ್ಲವೆಂಬುದನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯನ್ನು ದೃಷ್ಟಿಯಲ್ಲಿಟ್ಟುಕೊಂಡು ತೋರಿಸುವುದೇ ಈ ಲೇಖನದ ಉದ್ದೇಶ.

೧. ಶಬ್ದವಿಚಾರ

ಮೊದಲು ಶಬ್ದವನ್ನು ನೋಡೋಣ. ‘ಎಣ್ಣೆ’ ಎಂಬುದು ‘ಎಳ್’, ‘ನೆಯ್’ ಎಂಬೆರಡು ಪದಗಳ ಸಮಾಸ; ಎಳ್ಳಿನ ಜಿಡ್ಡು ಎಂಬುದೇ ಅದರ ಮೂಲಾರ್ಥ. ‘ಬೆಳ್’, ‘ನೆಯ್’ ಸೇರಿ ‘ಬೆಣ್ಣೆ’ಯಾದಂತೆಯೇ ಇದೂ ಆಯಿತು. ಸಂಸ್ಕೃತದ ‘ತೈಲ’ವೂ ಹಾಗೆಯೇ ‘ತಿಲ’ದಿಂದ ಹುಟ್ಟಿದುದು. ಎರಡು ಭಾಷೆಗಳೂ ಒಂದೇ ಬೀಜದ ಹೆಸರಿನಿಂದ ಹೊರಟು, ಕ್ರಮೇಣ ಹರಳು, ಹೊಂಗೆ, ಹಿಪ್ಪೆ, ಹುಚ್ಚೆಳ್ಳು ಮೊದಲಾದವುಗಳ ರಸಕ್ಕೆಲ್ಲ ಅದೇ ಹೆಸರನ್ನು ಹಬ್ಬಿಸಿದುವು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಇವನ್ನೆಲ್ಲ ಒಳಗೊಳ್ಳುವ ‘ಸ್ನೇಹ’ವೆಂಬ ವರ್ಗವನ್ನು ಮಾಡಿ, ತುಪ್ಪ, ತೈಲ, ವಸೆ, ಮಜ್ಜೆ ಎಂದು ನಾಲ್ಕು ಭೇದಗಳನ್ನು ಹೇಳುತ್ತಾನೆ. ಈ ನಾಲ್ಕೂ ಗಿಡಮರಗಳಿಂದಲೋ ಪ್ರಾಣಿಗಳಿಂದಲೋ ದೊರೆಯತಕ್ಕವು. ಭೂಮಿಯನ್ನು ಕೊರೆದು ತೆಗೆಯತಕ್ಕದ್ದು ಈ ಗಣನೆಯಲ್ಲಿ ಒಂದೂ ಇಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇದನ್ನೇ ಆಶ್ರಯಿಸಿದೆ.

೨. ಅರ್ಥಶಾಸ್ತ್ರದ ವಿಧಿಗಳು

ಅರ್ಥಶಾಸ್ತ್ರವು ನಮ್ಮ ಸೀಮೆಗೆ ಒಂದು ರೀತಿಯಲ್ಲಿ ನೆರೆಮನೆಯ ಗ್ರಂಥ. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದ ತಾಳೆಯೋಲೆಯ ಪ್ರತಿಯನ್ನು ಶೋಧಿಸಿ ೧೯೦೯ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಅವರ ಹುಟ್ಟೂರಾದ ಕಾವೇರೀತೀರದ ರುದ್ರಪಟ್ಟಣವು ಈ ತಾಲ್ಲೂಕುಗಳಿಗೆ ದೂರವಲ್ಲ.

ಈ ಗ್ರಂಥದಲ್ಲಿ ಎಣ್ಣೆಯ ಸಂಗ್ರಹಕ್ಕೆ ಸಂಬಂಧಿಸಿದ ವಿಧಿಗಳು ಚದರಿಹೋಗಿರುವುವು; ಒಂದೆಡೆ ಸೇರಿಸಿ ನೋಡಿದರೆ ಒಂದು ವ್ಯವಸ್ಥೆಯೇ ಕಾಣುತ್ತದೆ. ದುರ್ಗನಿವೇಶ ಪ್ರಕರಣದಲ್ಲಿ ಕೋಟೆಯೊಳಗೆ ಅನೇಕ ವರ್ಷಗಳಿಗೆ ಸಾಕಾಗುವಷ್ಟು ಕೂಡಿಡಬೇಕಾದ ಪದಾರ್ಥಗಳ ಪಟ್ಟಿಯಿದೆ. ಅದರಲ್ಲಿ ಧಾನ್ಯಕ್ಕಿಂತಲೂ ಮೊದಲು ಬರುವುದು ಸ್ನೇಹ. ಹಳೆಯದನ್ನು ತೆಗೆದು ಹೊಸದನ್ನು ತುಂಬುತ್ತಿರಬೇಕೆಂದೂ ಅಲ್ಲಿಯೇ ವಿಧಿಸಿದೆ. ಕೋಷ್ಠಾಗಾರಾಧ್ಯಕ್ಷ ಪ್ರಕರಣದಲ್ಲಿ ಯಾವ ಬೀಜದಿಂದ ಎಷ್ಟು ಎಣ್ಣೆ ಬರಬೇಕೆಂಬ ಲೆಕ್ಕವಿದೆ: ಅಗಸೆಯಿಂದ ಆರನೆಯ ಒಂದು ಪಾಲು, ಬೇವು ಮೊದಲಾದವುಗಳಿಂದ ಐದನೆಯ ಒಂದು ಪಾಲು, ಎಳ್ಳು, ಕುಸುಬೆ, ಹಿಪ್ಪೆಗಳಿಂದ ನಾಲ್ಕನೆಯ ಒಂದು ಪಾಲು. ಧಾನ್ಯವನ್ನು ಎತ್ತರದಲ್ಲಿಯೂ, ಉಪ್ಪನ್ನು ನೆಲದ ಮೇಲೆಯೂ, ಸ್ನೇಹವನ್ನು ಮಣ್ಣಿನ ಅಥವಾ ಮರದ ಕೋಷ್ಠಗಳಲ್ಲಿಯೂ ಇಡಬೇಕೆಂದು ಅದೇ ಪ್ರಕರಣವು ಹೇಳುತ್ತದೆ.

ಇನ್ನು ಸ್ಥಳ. ಅರಮನೆಯ ಆಗ್ನೇಯಭಾಗದಲ್ಲಿ ಅಡಿಗೆಯ ಮನೆ, ಗಜಶಾಲೆ, ಕೋಷ್ಠಾಗಾರ ಇವು ಇರಬೇಕೆಂದು ಕೌಟಿಲ್ಯನ ಮತ. ಒಲೆಯೂ ಎಣ್ಣೆಯ ಉಗ್ರಾಣವೂ ಒಂದೇ ದಿಕ್ಕಿನಲ್ಲಿ! ಮೇಲುನೋಟಕ್ಕೆ ಇದು ಅಜಾಗರೂಕತೆಯೆಂದು ತೋರಬಹುದು. ಆದರೆ ಆ ಕೋಷ್ಠಾಗಾರದ ಪರಿವಾರವನ್ನು ನೋಡಿದರೆ ಸಂಶಯವು ಬಹಳಮಟ್ಟಿಗೆ ಪರಿಹಾರವಾಗುವುದು. ಗುಡಿಸುವವನು, ಕಾಯುವವನು, ತೂಗುವವನು, ಅಳೆಯುವವನು, ಕೊಡುವವನು, ಕೊಡಿಸುವವನು ಎಂದು ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ಹೇಳಿದೆ. ಈ ಪಟ್ಟಿಯಲ್ಲಿ ಕಾವಲುಗಾರನಿಗಿಂತ ಮೊದಲು ಬರುವವನು ಗುಡಿಸುವವನು. ಚೆಲ್ಲಿದ ಎಣ್ಣೆ, ಒಣಗಿದ ಕಸ ಇವೆರಡೂ ಇಲ್ಲದ ನೆಲವೇ ಉಗ್ರಾಣದ ಮೊದಲನೆಯ ಕಾವಲು ಎಂಬ ಅನುಭವವು ಈ ಕ್ರಮದ ಹಿಂದೆ ಇರಬಹುದೆಂದು ನನ್ನ ಊಹೆ.

ಬೆಂಕಿಯ ವಿಷಯದಲ್ಲಿ ನಾಗರಿಕಪ್ರಣಿಧಿಯ ವಿಧಿಗಳು ಪ್ರಸಿದ್ಧವಾಗಿವೆ. ಬೇಸಗೆಯಲ್ಲಿ ಹಗಲಿನ ನಡುಭಾಗದಲ್ಲಿ ಬೆಂಕಿಯನ್ನು ಹೊತ್ತಿಸಕೂಡದು. ಅಡಿಗೆಯನ್ನು ಮನೆಯ ಹೊರಗೆ ಮಾಡಿಕೊಳ್ಳಬೇಕು. ಐದು ನೀರಿನ ಗಡಿಗೆ, ದೋಣಿ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಇವನ್ನು ಸಿದ್ಧವಾಗಿಟ್ಟುಕೊಳ್ಳದವನಿಗೆ ಕಾಲು ಪಣ ದಂಡ. ಉರಿಯುತ್ತಿರುವ ಮನೆಯ ಕಡೆಗೆ ಓಡಿಬರದ ಮನೆಯೊಡೆಯನಿಗೆ ಹನ್ನೆರಡು ಪಣ, ಬಾಡಿಗೆಯವನಿಗೆ ಆರು ಪಣ. ಪ್ರಮಾದದಿಂದ ಬೆಂಕಿ ಬೀಳಿಸಿದವನಿಗೆ ಐವತ್ತನಾಲ್ಕು ಪಣ. ಸೀತಾಧ್ಯಕ್ಷ ಪ್ರಕರಣದಲ್ಲಿ ಕಣದ ಕೆಲಸಗಾರರು ಬೆಂಕಿಯಿಲ್ಲದವರೂ ನೀರುಳ್ಳವರೂ ಆಗಿರಬೇಕೆಂದು ಹೇಳಿದೆ. ಈ ಎಲ್ಲ ವಿಧಿಗಳಲ್ಲಿಯೂ ಎದ್ದುಕಾಣುವುದು ಒಂದೇ ತತ್ತ್ವ: ಪ್ರತಿಯೊಂದು ಅಪಾಯಕ್ಕೂ ಹೊಣೆಗಾರನಾದ ಒಬ್ಬ ಮನುಷ್ಯನಿರುವನು, ಹೊಣೆಯು ಗೋಡೆಯ ಮೇಲಲ್ಲ, ವ್ಯಕ್ತಿಯ ಮೇಲೆ.

೩. ಈ ಸೀಮೆಯ ಎಣ್ಣೆ

ಚಂಗಾಳ್ವರ ನಾಡಾದ ಪಿರಿಯಾಪಟ್ಟಣ, ಸಿಡಿಲು ಮಲ್ಲಿಕಾರ್ಜುನನ ಬೆಟ್ಟದಪುರ, ಬಸದಿಗಳ ಹನಸೋಗೆ, ಅರ್ಕೇಶ್ವರನ ಎಡತೊರೆ, ಅಂದರೆ ಇಂದಿನ ಕೃಷ್ಣರಾಜನಗರ, ಇವೆಲ್ಲ ದೀಪಾರಾಧನೆಯ ಕ್ಷೇತ್ರಗಳು. ಬಿ. ಎಲ್. ರೈಸರು ೧೮೯೮ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಿಂದ ಈ ಭಾಗದ ಶಾಸನಗಳು ವಿದ್ವಾಂಸರ ಕೈಗೆ ಬಂದುವು. ಕನ್ನಡನಾಡಿನ ಶಾಸನಗಳಲ್ಲಿ ನಂದಾದೀವಿಗೆಗೆ ಬಿಟ್ಟ ದತ್ತಿ, ಗಾಣದೆರೆ, ಸೊಡರಿನ ಎಣ್ಣೆಗೆಂದು ಸೊಲ್ಲಗೆಯ ಲೆಕ್ಕದಲ್ಲಿ ಕೊಟ್ಟ ಪಾಲು, ತೆಲ್ಲಿಗರ ಐವತ್ತೊಕ್ಕಲು ಇವುಗಳ ಪ್ರಸ್ತಾಪವು ಹೇರಳವಾಗಿದೆ. ದತ್ತಿಯನ್ನು ಸ್ಥಾನಿಕರಿಗೋ ಮಹಾಜನಗಳಿಗೋ ತೆಲ್ಲಿಗರ ಸಮೂಹಕ್ಕೋ ಒಪ್ಪಿಸಿ, ಅಳಿಪಿದವರಿಗೆ ಶಾಪವನ್ನು ಹೇಳಿ ಮುಗಿಸುವುದು ಸಂಪ್ರದಾಯ. ಪಾತ್ರೆ ಎಂತಹದು, ಕೋಣೆ ಯಾವುದು ಎಂಬುದನ್ನು ಹೇಳುವುದು ಶಾಸನದ ಕೆಲಸವಲ್ಲ. ಆದರೆ ಎಣ್ಣೆಯನ್ನು ತರುವವನೂ ಪಡೆಯುವವನೂ ಗೊತ್ತಾದವರೇ ಆಗಿರುವರು. ಇಲ್ಲಿಯೂ ಹೊಣೆಯು ವ್ಯಕ್ತಿನಿಷ್ಠವೇ.

ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆದಿಯಲ್ಲಿ ಸೂಪಶಾಸ್ತ್ರವನ್ನು ರಚಿಸಿದನಷ್ಟೆ. ಪಾಕವನ್ನೇ ವಿಷಯವಾಗಿ ಮಾಡಿಕೊಂಡ ಕಾವ್ಯವು ಹುಟ್ಟುವುದಕ್ಕೆ ತುಪ್ಪ ಎಣ್ಣೆಗಳ ಸಮೃದ್ಧವಾದ ಉಗ್ರಾಣವು ಬೆನ್ನಿಗಿರಲೇಬೇಕು. ಇತ್ತ ಸಾಮಾನ್ಯರ ಮನೆಗಳಲ್ಲಿ ಹರಳೆಣ್ಣೆಯ, ಹೊಂಗೆಯೆಣ್ಣೆಯ ಗಡಿಗೆಯು ಒಲೆಯ ಮಗ್ಗುಲಲ್ಲಿಯೋ ನಡುಮನೆಯ ಮೂಲೆಯಲ್ಲಿಯೋ ಇರುತ್ತಿದ್ದಿತು. ಉರಿಯುವ ದೀಪಕ್ಕೆ ಮೇಲಿಂದ ಎಣ್ಣೆಯನ್ನು ಹೊಯ್ಯುವುದು ನಿತ್ಯದ ಆಚಾರ. ಆರುವ ಮೊದಲೇ ಎಣ್ಣೆ ಹೊಯ್ಯುವುದು ಶುಭವೂ ಹೌದು. ಇದರಿಂದ ಅನರ್ಥವಾಗಲಿಲ್ಲ. ಏಕೆಂದರೆ ಬೀಜದ ಎಣ್ಣೆಯು ಇನ್ನೂರು ಅಂಶ ಸೆಂಟಿಗ್ರೇಡಿಗಿಂತಲೂ ಹೆಚ್ಚಾಗಿ ಕಾಯದೆ ಕಿಡಿಗೆ ಹೊತ್ತುವಂತಹ ಆವಿಯನ್ನು ಬಿಡುವುದಿಲ್ಲ, ಬತ್ತಿಯಿಲ್ಲದೆ ಉರಿಯಲಾರದು. ನಮ್ಮ ಪೂರ್ವಿಕರ ಆಚಾರವು ಅವರ ಎಣ್ಣೆಯ ಗುಣಕ್ಕೆ ಸರಿಯಾಗಿಯೇ ಇದ್ದಿತು.

೪. ನಾಮಸಾಮ್ಯದ ಅನರ್ಥ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭೂಮಿಯಿಂದ ತೆಗೆದು ಶೋಧಿಸಿದ ದ್ರವವೊಂದು ಹಡಗಿನ ಮೇಲೆ ಬಂದಿತು. ತಮಿಳರು ಅದನ್ನು ಮಣ್ಣಿನ ಎಣ್ಣೆಯೆಂದರು; ನಾವು ಸೀಮೆಎಣ್ಣೆಯೆಂದೆವು. ತಮಿಳರ ಹೆಸರು ಪದಾರ್ಥದ ಹುಟ್ಟನ್ನಾದರೂ ಹೇಳಿತು. ನಮ್ಮ ಹೆಸರು ಅದು ಪರಸ್ಥಳದ್ದೆಂಬುದನ್ನು ಮಾತ್ರ ಹೇಳಿ, ಬೇರೆ ಎಲ್ಲ ರೀತಿಯಲ್ಲಿಯೂ ಅದನ್ನು ಹರಳೆಣ್ಣೆಯ ಪಂಕ್ತಿಯಲ್ಲಿಯೇ ಕುಳ್ಳಿರಿಸಿತು. ನಾಮವು ಸಮಾನವಾದ ಮೇಲೆ ಗುಣವೂ ಸಮಾನವೆಂಬ ಭ್ರಮೆಯುಂಟಾಗುವುದು ಸಹಜ. ಹಗ್ಗವನ್ನು ಹಾವೆಂದು ಕಂಡವನು ಹೆದರಿ ಬದುಕುವನು. ಹಾವನ್ನು ಹಗ್ಗವೆಂದು ಹಿಡಿದವನ ಗತಿಯೇನು?

ಸೀಮೆಎಣ್ಣೆಯು ಆವಿಯಾಗಿ ಕಿಡಿಯನ್ನು ಹಿಡಿಯುವ ಉಷ್ಣತೆಯು ೩೫ ಅಂಶ ಸೆಂಟಿಗ್ರೇಡಿಗಿಂತ ಕೆಳಗಿರಬಾರದೆಂದು ಇಂದಿನ ಭಾರತೀಯ ಮಾನಕವು ಗೊತ್ತುಮಾಡಿದೆ. ಚೈತ್ರವೈಶಾಖದ ಬಿಸಿಲಿಗೆ ತಗಡಿನ ಮಾಡಿನ ಕೆಳಗಿಟ್ಟ ಡಬ್ಬವು ಆ ಮೇರೆಯನ್ನು ಸುಲಭವಾಗಿ ಮುಟ್ಟುವುದು. ಅದರ ಆವಿಯು ಗಾಳಿಗಿಂತ ಭಾರವಾದುದರಿಂದ ಮೇಲಕ್ಕೇರದೆ ನೆಲವನ್ನು ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುವುದು. ಈಗ ಹಳೆಯ ಆಚಾರಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ಉರಿಯುವ ಬುಡ್ಡಿಗೆ ಎಣ್ಣೆ ಹೊಯ್ಯುವುದು: ಹರಳೆಣ್ಣೆಗೆ ಆಚಾರ, ಸೀಮೆಎಣ್ಣೆಗೆ ಮೃತ್ಯು. ಒಲೆಯ ಪಕ್ಕದಲ್ಲಿ ಭಾಂಡ: ಹಾಗೆಯೇ. ನೆಲಮಾಳಿಗೆಯಲ್ಲಿ ತಂಪಾಗಿಡುವುದು: ಆವಿಯು ಅಲ್ಲಿಯೇ ತುಂಬಿಕೊಳ್ಳುವುದು. ಹಗೇವಿನೊಳಗೆ ಇಳಿಯುವ ಮುನ್ನ ಕೆಟ್ಟ ಗಾಳಿಯಿದೆಯೇ ಎಂದು ದೀಪವನ್ನು ಇಳಿಬಿಟ್ಟು ನೋಡುವುದು ಬುದ್ಧಿವಂತರ ಪದ್ಧತಿ. ಎಣ್ಣೆಯ ತೊಟ್ಟಿಯಲ್ಲಿ ಅದೇ ಪದ್ಧತಿಯನ್ನು ಅನುಸರಿಸಿದವನು ನೋಡಲು ಉಳಿಯುವುದಿಲ್ಲ. ಕೌಟಿಲ್ಯನ ಐದು ಗಡಿಗೆಯ ನೀರೂ ಇಲ್ಲಿ ಸಲ್ಲದು. ಉರಿಯುವ ಎಣ್ಣೆಯು ನೀರಿನ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ದೂರಕ್ಕೆ ಒಯ್ಯುವುದು. ಅಲ್ಲಿ ಬೇಕಾದುದು ಮರಳು ಅಥವಾ ನೊರೆ.

ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಸಾಧಿಸಹೊರಡುವ ಮಿತ್ರರು ಈ ಸ್ಥಳದಲ್ಲಿ ನಿಲ್ಲಬೇಕು. ಅವರು ಬಲ್ಲ ಸ್ನೇಹಗಳು ನಾಲ್ಕು, ಇದು ಐದನೆಯದು. ಹಾಗೆಂದು ಪ್ರಾಚೀನ ವಿಧಿಗಳು ನಿಷ್ಪ್ರಯೋಜಕವೆಂದೂ ಹೇಳಲಾಗದು. ಪದಾರ್ಥದ ವಿಧಿಯು ಪದಾರ್ಥದೊಡನೆ ಮಾರ್ಪಡುವುದು. ಹೊಣೆಗಾರನಿರಬೇಕೆಂಬ ವಿಧಿಯು ಮಾರ್ಪಡುವುದಿಲ್ಲ.

೫. ಇಂದಿನ ಸ್ಥಿತಿ

ರಾಜಶಾಸನವು ಈ ಐದನೆಯ ಸ್ನೇಹವನ್ನು ಉಪೇಕ್ಷಿಸಿಲ್ಲ. ೧೯೩೪ರ ಪೆಟ್ರೋಲಿಯಂ ಅಧಿನಿಯಮವೂ ೨೦೦೨ರ ನಿಯಮಗಳೂ ಇಂದು ಜಾರಿಯಲ್ಲಿರುವುವು. ಆವಿಯು ಕಿಡಿ ಹಿಡಿಯುವ ಉಷ್ಣತೆಯನ್ನು ಅನುಸರಿಸಿ ಮೂರು ವರ್ಗಗಳನ್ನು ಮಾಡಿದೆ: ೨೩ ಅಂಶಕ್ಕಿಂತ ಕೆಳಗಿನದು ಮೊದಲನೆಯದು, ೨೩ರಿಂದ ೬೫ರವರೆಗಿನದು ಎರಡನೆಯದು, ೬೫ರಿಂದ ೯೩ರವರೆಗಿನದು ಮೂರನೆಯದು. ಪೆಟ್ರೋಲು ಮೊದಲನೆಯದಕ್ಕೂ ಸೀಮೆಎಣ್ಣೆ ಎರಡನೆಯದಕ್ಕೂ ಸೇರುವುವು. ಎರಡನೆಯ ವರ್ಗದ್ದನ್ನು ಒಂದು ಸ್ಥಳದಲ್ಲಿ ಒಟ್ಟು ೨೫೦೦ ಲೀಟರಿಗೆ ಮೀರದಂತೆ, ಒಂದೊಂದು ಪಾತ್ರೆಯೂ ೧೦೦೦ ಲೀಟರಿಗಿಂತ ದೊಡ್ಡದಾಗಿರದಂತೆ ಇಟ್ಟುಕೊಂಡರೆ ಪರವಾನಗಿ ಬೇಕಿಲ್ಲ. ಇಲ್ಲಿಯೇ ಸೂಕ್ಷ್ಮವಿದೆ. ಪರವಾನಗಿ ಬೇಕಿಲ್ಲವೆಂದರೆ ಪರೀಕ್ಷಕನು ಬರುವುದಿಲ್ಲ. ಪರೀಕ್ಷಕನು ಬಾರದಿದ್ದರೆ ಅಪಾಯವಿಲ್ಲವೆಂದಲ್ಲ. ಇನ್ನೂರು ಲೀಟರಿನ ಒಂದು ಪೀಪಾಯಿಯು ನಿಯಮದ ಕಣ್ಣಿಗೆ ಅಲ್ಪ. ಅದರ ಮೇಲ್ಗಡೆಯ ಕೋಣೆಯಲ್ಲಿ ಮಲಗಿದವರಿಗೆ ಅಲ್ಪವಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಬೆಂಕಿಯೊಡನೆ ಸಂಸಾರ ಮಾಡುವುದು ಹೊಸದಲ್ಲ. ಹೊಗೆಸೊಪ್ಪಿನ ಬ್ಯಾರನ್ನುಗಳು ಇಲ್ಲಿ ಹೊಲಹೊಲಕ್ಕೂ ಇರುವುವು. ಹೊರಗಿನ ಒಲೆಯಲ್ಲಿ ಸೌದೆಯನ್ನು ಉರಿಸಿ, ಒಳಗಿನ ತಗಡಿನ ಕೊಳವೆಗಳ ಮೂಲಕ ಶಾಖವನ್ನು ಹಾಯಿಸಿ, ಸೊಪ್ಪನ್ನು ಹಲವು ದಿನ ಹಗಲಿರುಳು ಹದಗೊಳಿಸುವರು. ಒಣಗಿದ ಒಂದು ಎಲೆಯು ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೋಯಿತು. ಆದಕಾರಣ ರಾತ್ರಿಯೆಲ್ಲ ಉಷ್ಣಮಾಪಕವನ್ನು ನೋಡುತ್ತ ಎಚ್ಚತ್ತಿರುವ ಒಬ್ಬನು ಅಲ್ಲಿ ಇದ್ದೇ ಇರುವನು. ಸೊಪ್ಪಿಗೆ ದೊರೆತ ಈ ಕಾವಲು ಡೀಸೆಲಿಗೆ ದೊರೆತಿಲ್ಲ. ಅಕ್ಕಿಯ ಗಿರಣಿ, ಕಲ್ಯಾಣಮಂಟಪ, ಆಸ್ಪತ್ರೆ, ವಿದ್ಯಾರ್ಥಿನಿಲಯ ಮೊದಲಾದ ಕಟ್ಟಡಗಳಲ್ಲಿ ವಿದ್ಯುತ್ತು ನಿಂತಾಗ ನಡೆಯತಕ್ಕ ಜನರೇಟರಿಗೆಂದು ಅದನ್ನು ತಂದಿಡುವರು. ಇಟ್ಟ ಮೇಲೆ ಮರೆಯುವರು.

ಕೆಲವು ವರ್ಷಗಳ ಕೆಳಗೆ ಈ ಸೀಮೆಯ ಒಂದು ಪಾಠಶಾಲೆಗೆ ಓಲೆಯ ಪ್ರತಿಗಳನ್ನು ನೋಡಲು ಹೋಗಿದ್ದೆನು. ಪ್ರತಿಗಳಿದ್ದ ಪೆಟ್ಟಿಗೆಯನ್ನು ಮಹಡಿಯ ಮೆಟ್ಟಲಿನ ಕೆಳಗಿನ ಕೋಣೆಯಿಂದ ತೆಗೆದುಕೊಟ್ಟರು. ಅದೇ ಕೋಣೆಯಲ್ಲಿ ಡೀಸೆಲಿನ ಪೀಪಾಯಿ, ಪಕ್ಕದಲ್ಲಿ ಎಣ್ಣೆ ಒರಸಿದ ಚಿಂದಿ, ಗೂಡಿನಲ್ಲಿ ಉರಿಯುವ ಹಣತೆ. ಮೇಲೆ ಮಕ್ಕಳು ಮಲಗುವ ಹಜಾರ. ಪೀಪಾಯಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿದ್ದುದೇನೆಂದು ಕೆಲಸದವನನ್ನು ಕೇಳಿದೆನು. “ಅದು ಇಂಗ್ಲೀಷ್ನಾಗೈತೆ ಅಯ್ನೋರೇ, ನಂಗೇನು ಗೊತ್ತು? ಎಣ್ಣೆ ಅಂತ ಬರ್ದಿರ್ಬೇಕು” ಎಂದನು. ಅವನು ಮೂರ್ಖನಲ್ಲ. ಎಣ್ಣೆಯಿರುವಲ್ಲಿ ದೀಪವಿಡುವುದು ಅವನ ತಾಯಿ ಕಲಿಸಿದ ಆಚಾರ. ತಪ್ಪು ಅವನದಲ್ಲ, ಹೆಸರನ್ನು ಕೊಟ್ಟು ಲಕ್ಷಣವನ್ನು ಹೇಳದೆ ಬಿಟ್ಟ ನಮ್ಮದು. ನಾನು ಹಣತೆಯನ್ನು ಹೊರಕ್ಕೆ ತೆಗೆಸಿ, ಓಲೆಗಳಿಗಿಂತ ಮೊದಲು ಪೀಪಾಯಿಯನ್ನು ಹಿತ್ತಿಲಿನ ಬೇರೆ ಮಾಡಿಗೆ ಸಾಗಿಸಿಸಿದೆನು. ಆ ದಿನ ಓದು ನಡೆಯಲಿಲ್ಲ.

ಉಪಸಂಹಾರ

ಮೇಲಣ ವಿಚಾರದಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಪ್ರಾಚೀನರ ಎಣ್ಣೆಯ ಆಚಾರವು ಅವರ ಎಣ್ಣೆಗೆ ಯುಕ್ತವಾಗಿದ್ದಿತು. ಖನಿಜತೈಲಕ್ಕೆ ಅದನ್ನು ಅನ್ವಯಿಸುವುದು ಅಯುಕ್ತ. ಎಣ್ಣೆಯೆಂಬ ಸಾಮಾನ್ಯನಾಮವು ಈ ಭೇದವನ್ನು ಮರೆಸಿದೆ. ಪದಾರ್ಥವು ಬೇರೆಯಾದರೂ, ಹೆಸರು ಹಿಡಿದು ಕರೆಯಬಹುದಾದ ಹೊಣೆಗಾರನೊಬ್ಬನಿರಬೇಕೆಂಬ ಕೌಟಿಲ್ಯನ ತತ್ತ್ವವು ಇಂದಿಗೂ ಸಲ್ಲುವುದು.

ಆದುದರಿಂದ ನನ್ನ ಸೂಚನೆಯು ಅಲ್ಪವಾದುದು. ಜನವಾಸದ ಕಟ್ಟಡಗಳಲ್ಲಿ ಎಣ್ಣೆಯಿಡುವ ಕೋಣೆಯು ಮೆಟ್ಟಲಿಗೂ ಮಲಗುವ ಮನೆಗೂ ದೂರವಾಗಿ, ನೆಲಮಟ್ಟದಲ್ಲಿ, ಗಾಳಿಯಾಡುವಂತೆ ಇರಲಿ. ಸೋರಿದುದನ್ನು ತಡೆಯುವ ಕಟ್ಟೆ, ಬಾಗಿಲಲ್ಲಿ ಮರಳಿನ ಬಕೀಟು ಇರಲಿ. ಬಾಗಿಲಿನ ಮೇಲೆ ಕನ್ನಡದಲ್ಲಿ ‘ಇದು ದೀಪದ ಎಣ್ಣೆಯಲ್ಲ, ಇದರ ಆವಿಯೂ ಉರಿಯುವುದು, ದೀಪ ತರಬೇಡಿರಿ, ನೀರು ಹೊಯ್ಯಬೇಡಿರಿ’ ಎಂದು ಬರೆದು, ಅದರ ಕೆಳಗೆ ನೋಡಿಕೊಳ್ಳುವವನ ಹೆಸರನ್ನು ಬರೆಯಲಿ. ‘ಆವಿ ಹೊತ್ತುವ ಮಟ್ಟ’ ಮುಂತಾದ ಮಾತುಗಳನ್ನು ಓದು ಬಲ್ಲ ಕೂಲಿಯವನಿಗೂ ತಿಳಿಯುವಂತೆ ರೂಪಿಸುವುದು ವಿದ್ವತ್ಪರಿಷತ್ತುಗಳ ಕೆಲಸ. ಪಾಠ ಹೇಳುವ ಉಪಾಧ್ಯಾಯರು ‘ಎಣ್ಣೆ’ ಶಬ್ದದ ವ್ಯುತ್ಪತ್ತಿಯನ್ನು ಹೇಳುವಾಗ ಈ ಐದನೆಯ ಸ್ನೇಹದ ಮಾತನ್ನೂ ಒಂದು ವಾಕ್ಯದಲ್ಲಿ ಸೇರಿಸಿದರೆ ವ್ಯಾಕರಣಕ್ಕೆ ಕುಂದಿಲ್ಲ. ಒಂದು ಮನೆಯಾದರೂ ಉಳಿದೀತು.