‘ಭಾರತ್ ಏಕ್ ಖೋಜ್’: ಹೊಸ ನೋಡುಗರಿಗೊಂದು ದಾರಿ

ನಮ್ಮ ದೇಶದ ದೂರದರ್ಶನದ ಇತಿಹಾಸದಲ್ಲಿ 1987 ಮತ್ತು 1988 ಮರೆಯಲಾಗದ ವರ್ಷಗಳು. 1987ರ ಜನವರಿಯಲ್ಲಿ ರಮಾನಂದ ಸಾಗರರ ‘ರಾಮಾಯಣ’ ಆರಂಭವಾಯಿತು. 1988ರ ಅಕ್ಟೋಬರಿನಲ್ಲಿ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಬಂದಿತು. ಭಾನುವಾರ ಬೆಳಿಗ್ಗೆ ಬೀದಿಗಳು ಬರಿದಾಗುತ್ತಿದ್ದುದು ಹಿರಿಯರಿಗೆಲ್ಲ ನೆನಪಿರುವ ಸಂಗತಿಯೇ. ಈ ಮಹಾಪ್ರವಾಹದ ಪಕ್ಕದಲ್ಲಿ, 1988ರ ನವೆಂಬರಿನಲ್ಲಿ, ತಿಳಿನೀರಿನ ತೊರೆಯೊಂದು ಸದ್ದಿಲ್ಲದೆ ಹರಿಯತೊಡಗಿತು. ಅದು ಶ್ಯಾಮ್ ಬೆನಗಲ್ ನಿರ್ದೇಶಿಸಿದ ‘ಭಾರತ್ ಏಕ್ ಖೋಜ್’. ಒಟ್ಟು 53 ಕಂತುಗಳು.

ಇದಕ್ಕೆ ಆಧಾರ ಜವಾಹರಲಾಲ್ ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’. 1942ರ ಚಳವಳಿಯಲ್ಲಿ ಬಂಧಿತರಾದ ನೆಹರೂ, 1944ರಲ್ಲಿ ಅಹಮದ್‌ನಗರದ ಕೋಟೆಯ ಸೆರೆಯಲ್ಲಿ ಅದನ್ನು ಬರೆದರು. 1946ರಲ್ಲಿ ಅದು ಪ್ರಕಟವಾಯಿತು. ಧಾರಾವಾಹಿಯಲ್ಲಿ ರೋಶನ್ ಸೇಠ್ ನೆಹರೂ ಆಗಿ ತೆರೆಯ ಮೇಲೆ ಬಂದು ನಮ್ಮೊಡನೆ ಮಾತನಾಡುತ್ತಾರೆ. ಓಂ ಪುರಿ ನಿರೂಪಿಸುತ್ತಾರೆ. ನಡುನಡುವೆ ಇತಿಹಾಸದ ಪ್ರಸಂಗಗಳು ಅಭಿನಯಗೊಳ್ಳುತ್ತವೆ. ವನರಾಜ್ ಭಾಟಿಯಾ ಅವರ ಸಂಗೀತದಲ್ಲಿ ಋಗ್ವೇದದ ನಾಸದೀಯ ಸೂಕ್ತವೇ ಶೀರ್ಷಿಕೆ ಗೀತೆ. ಛಾಯಾಗ್ರಹಣ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರದು. ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳಿಗೆ ಬೆಳಕು ತುಂಬಿದ ಅದೇ ಕೈ ಇಲ್ಲಿಯೂ ಕೆಲಸ ಮಾಡಿದೆ ಎಂಬುದು ನಾವು ಹೆಮ್ಮೆಪಡಬೇಕಾದ ವಿಷಯ.

ಇಷ್ಟೆಲ್ಲ ಇದ್ದೂ ಇಂದಿನ ಮಕ್ಕಳಲ್ಲಿ ಈ ಹೆಸರನ್ನು ಕೇಳಿದವರೇ ವಿರಳ. 2020ರ ಲಾಕ್‌ಡೌನ್ ಕಾಲದಲ್ಲಿ ‘ರಾಮಾಯಣ’ ಮರುಪ್ರಸಾರವಾದಾಗ ಹೊಸ ತಲೆಮಾರು ಅದನ್ನು ಮುಗಿಬಿದ್ದು ನೋಡಿತು. ‘ಖೋಜ್’ಗೆ ಅಂತಹ ಭಾಗ್ಯವಿಲ್ಲ. ಕಾರಣಗಳು ಸ್ಪಷ್ಟವಾಗಿವೆ. ಇದರ ಹಿಂದಿ ತುಸು ಕಠಿಣ, ನಡೆ ನಿಧಾನ, ಯುದ್ಧದೃಶ್ಯಗಳಲ್ಲಿ ಸೈನಿಕರು ಬೆರಳೆಣಿಕೆಯಷ್ಟು. ಎಲ್ಲಕ್ಕಿಂತ ಮಿಗಿಲಾಗಿ, ಇದು ಭಕ್ತಿಯನ್ನು ಬೇಡುವುದಿಲ್ಲ, ಪ್ರಶ್ನೆಯನ್ನು ಬೇಡುತ್ತದೆ.

ಹಾಗಿದ್ದರೂ ಏಕೆ ನೋಡಬೇಕು? ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಾವುದ್ದೀನ್ ಖಿಲ್ಜಿ ಚಿತ್ತೋಡವನ್ನು ಗೆದ್ದದ್ದು 1303ರಲ್ಲಿ. ಮಲಿಕ್ ಮುಹಮ್ಮದ್ ಜಾಯಸಿ ‘ಪದ್ಮಾವತ್’ ಕಾವ್ಯವನ್ನು ರಚಿಸಿದ್ದು 1540ರ ಸುಮಾರಿಗೆ. ನಡುವಿನ ಅಂತರ ಇನ್ನೂರ ಮೂವತ್ತಕ್ಕೂ ಹೆಚ್ಚು ವರ್ಷ! ಬೆನಗಲ್ ದಿಲ್ಲಿ ಸುಲ್ತಾನರ ಕಾಲವನ್ನು ಹೇಳುವಾಗ ಈ ಕಾವ್ಯವನ್ನು ಕಾವ್ಯವೆಂದೇ ನಮ್ಮೆದುರಿಗೆ ಇಡುತ್ತಾರೆ. ಮಹಾಭಾರತದ ಕಂತುಗಳಲ್ಲಿ ಛತ್ತೀಸ್‌ಗಢದ ತೀಜನ್ ಬಾಯಿಯವರ ಪಾಂಡವಾನಿ ಗಾಯನ ಬರುತ್ತದೆ. ಕಥೆ ಜನರ ಕಂಠದಲ್ಲಿ ಹೇಗೆ ಬದುಕಿ ಉಳಿಯಿತೆಂಬುದು ಅಲ್ಲಿ ಕಾಣುತ್ತದೆ. ಘಟನೆ ಯಾವುದು, ಘಟನೆಯ ಕುರಿತು ಜನ ಕಟ್ಟಿಕೊಂಡ ಕಥೆ ಯಾವುದು, ಎರಡಕ್ಕೂ ಇರುವ ಬೆಲೆ ಏನು ಎಂಬ ವಿವೇಕವನ್ನು ಇಷ್ಟು ಸಹನೆಯಿಂದ ಕಲಿಸುವ ಮತ್ತೊಂದು ಧಾರಾವಾಹಿಯನ್ನು ನಾನು ಕಾಣೆ. 2018ರಲ್ಲಿ ಅದೇ ಪದ್ಮಾವತಿಯ ಕಥೆಯ ಚಲನಚಿತ್ರಕ್ಕಾಗಿ ಬೀದಿಯಲ್ಲಿ ನಡೆದ ಗಲಭೆಯನ್ನು ನೆನೆದರೆ ಈ ವಿವೇಕದ ಅಗತ್ಯ ತಾನಾಗಿಯೇ ಮನದಟ್ಟಾಗುತ್ತದೆ.

ಇನ್ನು ಹೊಸಬರನ್ನು ಕರೆತರುವ ಬಗೆ. ಐವತ್ತಮೂರು ಕಂತುಗಳ ಹೊರೆಯನ್ನು ಮಗುವಿನ ತಲೆಯ ಮೇಲೆ ಒಮ್ಮೆಲೇ ಇರಿಸಬಾರದು. ಮೊದಲ ಕಂತಿನಿಂದಲೇ ತೊಡಗಬೇಕೆಂಬ ನಿಯಮವೂ ಇಲ್ಲ. ಪ್ರತಿಯೊಂದು ವಿಷಯವೂ ಒಂದೆರಡು ಕಂತುಗಳಲ್ಲಿ ಬಹುಮಟ್ಟಿಗೆ ಸ್ವತಂತ್ರವಾಗಿ ನಿಲ್ಲುತ್ತದೆ. ನಮ್ಮವರು ವಿಜಯನಗರದಿಂದ ಆರಂಭಿಸಲಿ. ಹಂಪಿಯನ್ನು ಕಂಡ ಮಗುವಿಗೆ ಆ ಕಲ್ಲುಗಳ ಹಿಂದಿನ ಬದುಕು ಕುತೂಹಲ ಹುಟ್ಟಿಸದೆ ಇರದು. ಆಮೇಲೆ ಟಿಪ್ಪು ಸುಲ್ತಾನನ ಕಂತು. ಅದರಲ್ಲಿ ರಸ ಹತ್ತಿದರೆ ಅಶೋಕ, ಅಕ್ಬರ್, ನಸೀರುದ್ದೀನ್ ಷಾ ಅಭಿನಯಿಸಿದ ಶಿವಾಜಿ, ಮಹಾತ್ಮ ಫುಲೆ.

ಮಕ್ಕಳಿಗೆ ಒಂದು ಆಟವನ್ನೂ ಹೇಳಿಕೊಡಬಹುದು. ಅಶೋಕನೂ ಓಂ ಪುರಿ, ಕೃಷ್ಣದೇವರಾಯನೂ ಓಂ ಪುರಿ, ಔರಂಗಜೇಬನೂ ಓಂ ಪುರಿ! ರಾಮ, ಕೃಷ್ಣ, ಟಿಪ್ಪು ಮೂವರೂ ಸಲೀಂ ಘೌಸ್. ಗುರುತಿಸುವ ಆಟ ಮುಗಿಯುವ ಹೊತ್ತಿಗೆ, ಒಂದೇ ಮುಖ ಇಷ್ಟು ಕಾಲಗಳಿಗೆ, ಇಷ್ಟು ಮತಗಳಿಗೆ ಸಲ್ಲುವುದಾದರೆ ನಾವೂ ಹಾಗೆಯೇ ಅಲ್ಲವೇ ಎಂಬ ಯೋಚನೆ ಮಗುವಿನಲ್ಲಿ ಮೂಡಿದರೂ ಮೂಡೀತು. ಭಾಷೆ ತೊಡಕಾದರೆ ಹಿರಿಯರು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ವಿವರಿಸಲಿ. ಮಗುವನ್ನು ಒಂಟಿಯಾಗಿ ಕೂರಿಸಿ ಎದ್ದುಹೋದರೆ ಯಾವ ಪಾಠವೂ ತಲೆಗೆ ಹತ್ತದು.

ಓಂ ಪುರಿ 2017ರಲ್ಲಿ ತೀರಿಕೊಂಡರು. ವನರಾಜ್ ಭಾಟಿಯಾ 2021ರಲ್ಲಿ. ಸಲೀಂ ಘೌಸ್ 2022ರಲ್ಲಿ. ಬೆನಗಲ್ 2024ರ ಡಿಸೆಂಬರಿನಲ್ಲಿ. ಕಟ್ಟಿದವರು ಒಬ್ಬೊಬ್ಬರಾಗಿ ಹೊರಟುಹೋದರು. ಕಟ್ಟಿದ ಮನೆಯ ಬಾಗಿಲು ಮಾತ್ರ ತೆರೆದೇ ಇದೆ. ಕಂತುಗಳು ಅಂತರ್ಜಾಲದಲ್ಲಿ ನೋಡಲು ಸಿಗುತ್ತವೆ. ವಾರಕ್ಕೊಂದರಂತೆ ನೋಡಿದರೆ ಒಂದು ವರ್ಷದ ಕೆಲಸ. ನನ್ನ ಶಿಷ್ಯಮಿತ್ರರೇ, ಬಂಧುಗಳೇ, ನಿಮ್ಮ ಮನೆಯ ಒಂದು ಮಗುವಿಗೆ ಒಂದು ಕಂತನ್ನು ಈ ಭಾನುವಾರ ತೋರಿಸಿರಿ. ಮುಂದಿನದನ್ನು ಅದೇ ಕೇಳೀತು.