ಬೆಕ್ಕಿನ ಆಂಗಿಕ ಭಾಷೆ

ಬೆಕ್ಕಿನ ಆಂಗಿಕ ಭಾಷೆ ಎಂಬುದು ಸಾಕುಬೆಕ್ಕು ತನ್ನ ಬಾಲ, ಕಿವಿ, ಕಣ್ಣು, ಮೀಸೆ, ರೋಮ ಮತ್ತು ದೇಹದ ನಿಲುವಿನ ಮೂಲಕ ತನ್ನ ಮನಃಸ್ಥಿತಿಯನ್ನು ವ್ಯಕ್ತಪಡಿಸುವ ಕ್ರಮವಾಗಿದೆ. ಧ್ವನಿ ಮತ್ತು ವಾಸನೆಯ ಸಂಕೇತಗಳನ್ನೂ ಸಾಮಾನ್ಯವಾಗಿ ಇದರೊಂದಿಗೇ ಅಧ್ಯಯನ ಮಾಡಲಾಗುತ್ತದೆ. ಈ ಸಂಕೇತಗಳಲ್ಲಿ ಹೆಚ್ಚಿನವುಗಳಿಗೆ ಸ್ಥಿರವಾದ ಒಂದೇ ಅರ್ಥವಿಲ್ಲ. ಗುರುಗುರು ಸದ್ದು ಮಾಡುತ್ತಿರುವ ಬೆಕ್ಕು ಸುಖವಾಗಿರಬಹುದು, ತೀವ್ರವಾದ ನೋವಿನಲ್ಲಿಯೂ ಇರಬಹುದು. ಬೆನ್ನ ಮೇಲೆ ಮಲಗಿ ಹೊಟ್ಟೆ ತೋರಿಸುವ ಬೆಕ್ಕು ವಿಶ್ವಾಸವನ್ನು ಸೂಚಿಸುತ್ತಿರಬಹುದು, ನಾಲ್ಕೂ ಕಾಲಿನ ಉಗುರುಗಳಿಂದ ಎದುರಿಸಲು ಸಿದ್ಧವಾಗಿಯೂ ಇರಬಹುದು. ಆದುದರಿಂದ ಹಲವು ಸಂಕೇತಗಳನ್ನು ಒಟ್ಟಾಗಿ, ಸಂದರ್ಭದೊಡನೆ ಸೇರಿಸಿ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಭಯವನ್ನೂ ನೋವನ್ನೂ ಮರೆಮಾಚುವ ಸ್ವಭಾವ ಈ ಪ್ರಾಣಿಗೆ ಇರುವುದರಿಂದ, ಅದರ ಕಾಯಿಲೆಗಳು ತಡವಾಗಿ ಪತ್ತೆಯಾಗುವುದೂ ಸಾಕಿದವರೇ ಕಡಿತಕ್ಕೆ ಒಳಗಾಗುವುದೂ ಸಾಮಾನ್ಯ.

ವಿಕಾಸದ ಹಿನ್ನೆಲೆ

ಸಾಕುಬೆಕ್ಕಿನ ಪೂರ್ವಜ ಫೆಲಿಸ್ ಲಿಬಿಕಾ ಎಂಬ ಆಫ್ರಿಕಾದ ಕಾಡುಬೆಕ್ಕು ಎಂಬುದು 2007ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನದಿಂದ ಸ್ಪಷ್ಟವಾಯಿತು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೋಸ್ ಎಂಬಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಮಾನವ ಸಮಾಧಿಯೊಂದರ ಪಕ್ಕದಲ್ಲಿಯೇ ಬೆಕ್ಕಿನ ಅಸ್ಥಿಪಂಜರ ದೊರೆತಿದೆ. ಆ ದ್ವೀಪದಲ್ಲಿ ಬೆಕ್ಕು ಸಹಜವಾಗಿ ಇರಲಿಲ್ಲವಾದ್ದರಿಂದ ಅದನ್ನು ಮನುಷ್ಯರೇ ಕೊಂಡೊಯ್ದಿರಬೇಕು. ಧಾನ್ಯ ಸಂಗ್ರಹಿಸಿದ ಕಡೆ ಇಲಿಗಳು ಸೇರಿದವು, ಇಲಿಗಳನ್ನು ಹಿಂಬಾಲಿಸಿ ಬೆಕ್ಕುಗಳು ಬಂದವು.

ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ತೋಳದಂತೆ ಗುಂಪಿನಲ್ಲಿ ಬಾಳುವ ಪ್ರಾಣಿಗಳಲ್ಲಿ ಜಗಳವನ್ನು ಶಮನಗೊಳಿಸುವ, ತಪ್ಪೊಪ್ಪಿಕೊಳ್ಳುವಂತೆ ತಗ್ಗಿ ನಡೆಯುವ ಸಂಕೇತಗಳು ಬೆಳೆದಿರುತ್ತವೆ. ಬೆಕ್ಕಿನಲ್ಲಿ ಅಂಥವು ತೀರ ಕಡಿಮೆ. ಎದುರಾಳಿಯಿಂದ ದೂರ ಸರಿಯುವುದು, ಅಡಗುವುದು ಅಥವಾ ಎತ್ತರಕ್ಕೆ ಏರುವುದು ಅದರ ಮೊದಲ ಆಯ್ಕೆ. ಇದಲ್ಲದೆ ಬೆಕ್ಕು ಬೇಟೆಗಾರನಷ್ಟೇ ಅಲ್ಲ, ತನಗಿಂತ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ದುರ್ಬಲತೆಯನ್ನು ಹೊರಗೆ ತೋರಿಸಿದ ಪ್ರಾಣಿ ಬೇಗ ಬಲಿಯಾಗುತ್ತದೆ. ನಾಯಿಯ ಮುಖಭಾವಕ್ಕೆ ಒಗ್ಗಿದ ಕಣ್ಣಿಗೆ ಬೆಕ್ಕು ಭಾವಶೂನ್ಯವಾಗಿ ಕಾಣುವುದಕ್ಕೆ ಈ ಹಿನ್ನೆಲೆಯೇ ಕಾರಣ.

ಅಧ್ಯಯನದ ಇತಿಹಾಸ

ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಪ್ರಕಟಿಸಿದ, ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತ ಗ್ರಂಥದಲ್ಲಿ ಬೆಕ್ಕಿನ ಎರಡು ನಿಲುವುಗಳನ್ನು ಹೋಲಿಸಿದನು. ಕಾದಾಡಲು ಸಿದ್ಧವಾದ ಬೆಕ್ಕು ನೆಲಕ್ಕೆ ಅಂಟಿಕೊಂಡು ಬಾಲವನ್ನು ಅತ್ತಿತ್ತ ಬೀಸಿದರೆ, ಪ್ರೀತಿ ತೋರುವ ಬೆಕ್ಕು ನೆಟ್ಟಗೆ ನಿಂತು, ಬಾಲವನ್ನು ಮೇಲೆತ್ತಿ, ಮೈಯನ್ನು ಉಜ್ಜುತ್ತದೆ. ವಿರುದ್ಧ ಭಾವಗಳು ವಿರುದ್ಧ ಭಂಗಿಗಳಾಗಿ ಹೊರಬರುತ್ತವೆ ಎಂಬ ತನ್ನ ವಾದಕ್ಕೆ ಅವನು ಇದನ್ನು ಉದಾಹರಣೆಯಾಗಿ ಬಳಸಿಕೊಂಡನು. 1944ರಲ್ಲಿ ಮಿಲ್ಡ್ರೆಡ್ ಮೋಲ್ಕ್ ಬೆಕ್ಕಿನ ಧ್ವನಿಗಳನ್ನು 16 ಬಗೆಗಳಾಗಿ ವಿಂಗಡಿಸಿದರು. ಜರ್ಮನಿಯ ಪ್ರಾಣಿವರ್ತನಾ ವಿಜ್ಞಾನಿ ಪೌಲ್ ಲೈಹೌಸನ್ 1950ರ ದಶಕದಲ್ಲಿ ರೂಪಿಸಿದ ಚಿತ್ರಪಟ ಇಂದಿಗೂ ಪಠ್ಯಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಒಂದು ದಿಕ್ಕಿಗೆ ಭಯವೂ ಇನ್ನೊಂದು ದಿಕ್ಕಿಗೆ ಆಕ್ರಮಣಶೀಲತೆಯೂ ಹೆಚ್ಚುತ್ತಾ ಹೋಗುತ್ತವೆ. ಭಯ ಮತ್ತು ಕೋಪ ಒಂದೇ ಗೆರೆಯ ಎರಡು ತುದಿಗಳಲ್ಲ, ಎರಡೂ ಒಂದೇ ಮುಖದಲ್ಲಿ ಬೆರೆತಿರಬಲ್ಲವು ಎಂಬುದು ಈ ಚಿತ್ರಪಟದ ಮುಖ್ಯ ತಿಳಿವಳಿಕೆ.

ನಂತರ ದೀರ್ಘಕಾಲ ಬೆಕ್ಕಿಗಿಂತ ನಾಯಿಯ ಕುರಿತ ಸಂಶೋಧನೆಯೇ ಹೆಚ್ಚಾಗಿ ನಡೆಯಿತು. ಕಳೆದ ಎರಡು ದಶಕಗಳಲ್ಲಿ ಈ ಕೊರತೆ ಸ್ವಲ್ಪಮಟ್ಟಿಗೆ ತುಂಬಿದೆ. ಅಮೆರಿಕದ ಲಾಸ್ ಏಂಜಲೀಸ್‌ನ ಬೆಕ್ಕುಗಳ ಕೆಫೆಯೊಂದರಲ್ಲಿ ಮಾಡಿದ ದೃಶ್ಯಮುದ್ರಣವನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವು, ಬೆಕ್ಕುಗಳು ಪರಸ್ಪರ ವ್ಯವಹರಿಸುವಾಗ 276 ಭಿನ್ನ ಮುಖಚಲನೆಗಳ ಜೋಡಣೆಯನ್ನು ತೋರುತ್ತವೆ ಎಂದು ದಾಖಲಿಸಿತು.

ಬಾಲ

ದೂರದಿಂದಲೇ ಓದಬಹುದಾದ ಅಂಗ ಬಾಲ. ನೆಟ್ಟಗೆ ಮೇಲೆತ್ತಿದ ಬಾಲ, ಅದರಲ್ಲಿಯೂ ತುದಿ ತುಸು ಬಾಗಿದ್ದರೆ, ಸ್ನೇಹಪೂರ್ವಕ ಸ್ವಾಗತದ ಸಂಕೇತ. ಬೆಕ್ಕಿನ ಆಕೃತಿಯ ಕಪ್ಪು ಛಾಯಾಚಿತ್ರಗಳನ್ನು ಗೋಡೆಗೆ ಅಂಟಿಸಿ ನಡೆಸಿದ ಪ್ರಯೋಗದಲ್ಲಿ, ಬಾಲವೆತ್ತಿದ ಆಕೃತಿಯನ್ನು ಕಂಡ ಬೆಕ್ಕುಗಳು ತಾವೂ ಬಾಲವೆತ್ತಿ ಸಮೀಪಿಸಿದವು. ಬಾಲ ತಗ್ಗಿದ ಆಕೃತಿಗೆ ಅಂಥ ಪ್ರತಿಕ್ರಿಯೆ ದೊರೆಯಲಿಲ್ಲ. ಮರಿಗಳು ತಾಯಿಯನ್ನು ಸಮೀಪಿಸುವಾಗ ಬಾಲವೆತ್ತುವ ರೂಢಿಯೇ ವಯಸ್ಕ ಬೆಕ್ಕುಗಳ ವಂದನೆಯಾಗಿ ಉಳಿದುಬಂದಿದೆ ಎಂದು ಭಾವಿಸಲಾಗಿದೆ.

ರೋಮಗಳೆಲ್ಲ ನಿಮಿರಿ ಸೀಸೆ ತೊಳೆಯುವ ಕುಂಚದಂತೆ ಉಬ್ಬಿದ ಬಾಲ ಭಯದ ಗುರುತು. ಬೆನ್ನನ್ನು ಕಮಾನಿನಂತೆ ಬಾಗಿಸಿ ಪಕ್ಕಕ್ಕೆ ತಿರುಗಿ ನಿಲ್ಲುವುದೂ ಇದರೊಂದಿಗೆ ಸೇರಿರುತ್ತದೆ. ಎದುರಾಳಿಗೆ ದೊಡ್ಡದಾಗಿ ಕಾಣಿಸಿಕೊಳ್ಳುವುದು ಇದರ ಉದ್ದೇಶ. ಕಾಲುಗಳ ನಡುವೆ ಸೇರಿಸಿದ ಅಥವಾ ಮೈಗೆ ಬಿಗಿಯಾಗಿ ಸುತ್ತಿಕೊಂಡ ಬಾಲ ಆತಂಕವನ್ನು ಸೂಚಿಸಬಹುದು.

ಬಾಲ ಅಲ್ಲಾಡುವುದನ್ನು ನಾಯಿಯ ಸಂತೋಷದೊಂದಿಗೆ ಹೋಲಿಸುವುದು ಅತಿ ಸಾಮಾನ್ಯವಾದ ತಪ್ಪು. ಬೆಕ್ಕು ಬಾಲವನ್ನು ರಭಸದಿಂದ ಅತ್ತಿತ್ತ ಬೀಸಿದರೆ ಅಥವಾ ನೆಲಕ್ಕೆ ಬಡಿದರೆ ಅದು ಕಿರಿಕಿರಿಗೊಂಡಿದೆ ಎಂದರ್ಥ. ಬೇಟೆಯ ಮೇಲೆ ಗಮನ ನೆಟ್ಟಿರುವಾಗ ಮಾತ್ರ ಬಾಲದ ತುದಿಯಷ್ಟೇ ಮಿಡಿಯುತ್ತದೆ.

ಕಿವಿ, ಕಣ್ಣು ಮತ್ತು ಮೀಸೆ

ಬೆಕ್ಕಿನ ಹೊರಕಿವಿಯನ್ನು ಇಪ್ಪತ್ತಕ್ಕೂ ಹೆಚ್ಚು ಸ್ನಾಯುಗಳು ನಿಯಂತ್ರಿಸುತ್ತವೆ. ಎರಡು ಕಿವಿಗಳು ಬೇರೆಬೇರೆ ದಿಕ್ಕಿಗೆ ತಿರುಗಬಲ್ಲವು. ಮನುಷ್ಯನ ಶ್ರವಣದ ಮೇಲ್ಮಿತಿ ಸುಮಾರು 20,000 ಹರ್ಟ್ಜ್ ಆದರೆ ಬೆಕ್ಕು 60,000 ಹರ್ಟ್ಜ್‌ಗೂ ಮೀರಿದ ಸದ್ದನ್ನು ಕೇಳುತ್ತದೆ. ಹಾಗಾಗಿ ಕಿವಿ ತಿರುಗಿದ ಮಾತ್ರಕ್ಕೆ ಅದನ್ನು ಭಾವದ ಸಂಕೇತವೆಂದು ಭಾವಿಸಬೇಕಾಗಿಲ್ಲ. ಗೋಡೆಯೊಳಗಿನ ಇಲಿಯ ಸದ್ದನ್ನು ಅದು ಆಲಿಸುತ್ತಿರಬಹುದು. ಮುಂದಕ್ಕೆ ನಿಂತ ಕಿವಿ ಕುತೂಹಲವನ್ನು, ಪಕ್ಕಕ್ಕೆ ಚಪ್ಪಟೆಯಾದ ಕಿವಿ ಭಯವನ್ನು, ಒಳಭಾಗ ಕಾಣದಂತೆ ಹಿಂದಕ್ಕೆ ತಿರುಗಿದ ಕಿವಿ ಆಕ್ರಮಣದ ಸಿದ್ಧತೆಯನ್ನು ಸೂಚಿಸುತ್ತದೆ. ತಲೆಗೆ ಒತ್ತಿಕೊಳ್ಳುವುದರಿಂದ ಕಾದಾಟದಲ್ಲಿ ಕಿವಿಗೆ ಗಾಯವಾಗುವುದೂ ತಪ್ಪುತ್ತದೆ.

ಕಣ್ಣಿನ ಪಾಪೆಯ ಗಾತ್ರ ಮೊದಲಿಗೆ ಬೆಳಕನ್ನು ಅವಲಂಬಿಸಿದೆ. ಬೆಕ್ಕಿನ ಲಂಬ ಸೀಳಿನಂಥ ಪಾಪೆಯ ವಿಸ್ತೀರ್ಣ ಸುಮಾರು 135 ಪಟ್ಟು ಹಿಗ್ಗಬಲ್ಲದು. ಮನುಷ್ಯನಲ್ಲಿ ಇದು 15 ಪಟ್ಟು ಮಾತ್ರ. ಸಾಕಷ್ಟು ಬೆಳಕಿರುವಾಗಲೂ ಪಾಪೆ ಅಗಲವಾಗಿದ್ದರೆ ಅದು ಭಯ, ಆಟದ ಉದ್ರೇಕ ಅಥವಾ ನೋವಿನ ಲಕ್ಷಣವಾಗಿರಬಹುದು.

ಎವೆಯಿಕ್ಕದ ದಿಟ್ಟ ನೋಟ ಬೆಕ್ಕುಗಳ ನಡುವೆ ಬೆದರಿಕೆಯೆನಿಸುತ್ತದೆ. ಬೆಕ್ಕನ್ನು ಇಷ್ಟಪಡುವವರು ಅದನ್ನೇ ದಿಟ್ಟಿಸುತ್ತಾರೆ, ಇಷ್ಟಪಡದವರು ಮುಖ ತಿರುಗಿಸುತ್ತಾರೆ. ಮನೆಗೆ ಬಂದ ಅತಿಥಿಗಳಲ್ಲಿ ಬೆಕ್ಕು ಎರಡನೆಯವರ ತೊಡೆಯನ್ನೇ ಹುಡುಕಿ ಹೋಗುವುದಕ್ಕೆ ಇದೇ ಕಾರಣವಿರಬಹುದು. ಇದಕ್ಕೆ ವಿರುದ್ಧವಾಗಿ ಕಣ್ಣನ್ನು ಅರೆಮುಚ್ಚಿ ನಿಧಾನವಾಗಿ ಮಿಟುಕಿಸುವುದು ನಿರಾತಂಕದ ಸಂಕೇತ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯರು ಹೀಗೆ ಕಣ್ಣು ಮಿಟುಕಿಸಿದಾಗ ಬೆಕ್ಕುಗಳೂ ಹಾಗೆಯೇ ಪ್ರತಿಕ್ರಿಯಿಸಿದವು. ಅಪರಿಚಿತರು ಹೀಗೆ ಮಾಡಿದ ಮೇಲೆ ಅವರು ಚಾಚಿದ ಕೈಯನ್ನು ಸಮೀಪಿಸುವ ಸಂಭವವೂ ಹೆಚ್ಚಿತು.

ಮೀಸೆಗಳು ಸಡಿಲವಾಗಿ ಪಕ್ಕಕ್ಕೆ ಚಾಚಿದ್ದರೆ ಬೆಕ್ಕು ನೆಮ್ಮದಿಯಿಂದಿದೆ. ಬೇಟೆಯ ವೇಳೆ ಅವು ಮುಂದಕ್ಕೂ ಭಯದಲ್ಲಿ ಕೆನ್ನೆಗೆ ಒತ್ತಿದಂತೆ ಹಿಂದಕ್ಕೂ ಸರಿಯುತ್ತವೆ.

ಧ್ವನಿ

ವಯಸ್ಕ ಬೆಕ್ಕುಗಳು ಪರಸ್ಪರ ಮಿಯಾಂವ್ ಎನ್ನುವುದು ವಿರಳ. ಮರಿಗಳು ತಾಯಿಯನ್ನು ಕರೆಯಲು ಬಳಸುವ ಈ ಧ್ವನಿಯನ್ನು ಸಾಕುಬೆಕ್ಕು ದೊಡ್ಡದಾದ ಮೇಲೂ ಮನುಷ್ಯನಿಗಾಗಿ ಉಳಿಸಿಕೊಂಡಿದೆ. ಪ್ರತಿ ಬೆಕ್ಕೂ ತನ್ನ ಮನೆಯವರು ಯಾವ ಧ್ವನಿಗೆ ಬಾಗಿಲು ತೆರೆಯುತ್ತಾರೆ, ಯಾವುದಕ್ಕೆ ಹಾಲು ಹಾಕುತ್ತಾರೆ ಎಂಬುದನ್ನು ಕಲಿತುಕೊಳ್ಳುವುದರಿಂದ, ಒಂದು ಮನೆಯ ಬೆಕ್ಕಿನ ಕೂಗನ್ನು ಇನ್ನೊಂದು ಮನೆಯವರು ಅರ್ಥಮಾಡಿಕೊಳ್ಳುವುದು ಕಷ್ಟ. ಜಪಾನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗಗಳ ಪ್ರಕಾರ, ಬೆಕ್ಕುಗಳು ಇತರ ಪದಗಳ ನಡುವೆ ತಮ್ಮ ಹೆಸರನ್ನು ಗುರುತಿಸಬಲ್ಲವು. ಕರೆದಾಗ ಬರುವುದು ಬಿಡುವುದು ಬೇರೆ ವಿಷಯ.

ಗುರುಗುರು ಸದ್ದಿನ ಮೂಲ ಗಂಟಲಿನಲ್ಲಿದೆ. ಸುಮಾರು 25ರಿಂದ 30 ಹರ್ಟ್ಜ್‌ನ ಇಷ್ಟು ತಗ್ಗಿದ ಧ್ವನಿ ಸಣ್ಣ ಪ್ರಾಣಿಯಿಂದ ಹೇಗೆ ಹೊರಡುತ್ತದೆ ಎಂಬುದು ದೀರ್ಘಕಾಲದ ಪ್ರಶ್ನೆಯಾಗಿತ್ತು. ಧ್ವನಿತಂತುಗಳಲ್ಲಿ ಹುದುಗಿರುವ ಮೆತ್ತನೆಯ ಅಂಗಾಂಶದಿಂದ ಇದು ಸಾಧ್ಯವಾಗುತ್ತದೆ ಎಂದು 2023ರ ಅಧ್ಯಯನವೊಂದು ತೋರಿಸಿತು. ಮರಿಗೆ ಹಾಲೂಡುವಾಗ, ತೊಡೆಯ ಮೇಲೆ ಮಲಗಿದಾಗ ಕೇಳಿಬರುವ ಇದೇ ಸದ್ದು ಗಾಯಗೊಂಡ, ಹೆರಿಗೆಯ ನೋವಿನಲ್ಲಿರುವ ಮತ್ತು ಸಾಯುತ್ತಿರುವ ಬೆಕ್ಕುಗಳಲ್ಲಿಯೂ ಕೇಳಿಬರುತ್ತದೆ. ಆಹಾರ ಬೇಡುವಾಗ ಬೆಕ್ಕುಗಳು ಈ ಸದ್ದಿನೊಳಗೆ ಮಗುವಿನ ಅಳುವನ್ನು ಹೋಲುವ ಎತ್ತರದ ಸ್ವರವೊಂದನ್ನು ಬೆರೆಸುತ್ತವೆ, ಅದನ್ನು ಕಡೆಗಣಿಸುವುದು ಮನುಷ್ಯರಿಗೆ ಕಷ್ಟವಾಗುತ್ತದೆ ಎಂದು 2009ರಲ್ಲಿ ಕ್ಯಾರೆನ್ ಮೆಕಾಂಬ್ ಮತ್ತು ಸಂಗಡಿಗರು ಕಂಡುಕೊಂಡರು.

ಬುಸುಗುಟ್ಟುವುದು ಆಕ್ರಮಣಕ್ಕಿಂತ ಹೆಚ್ಚಾಗಿ ರಕ್ಷಣೆಯ ಧ್ವನಿ. ದೂರ ಸರಿಯುವಂತೆ ಕೊಡುವ ಈ ಎಚ್ಚರಿಕೆಗಾಗಿ ಬೆಕ್ಕನ್ನು ಗದರಿಸಿದರೆ ಅಥವಾ ಹೊಡೆದರೆ, ಮುಂದೆ ಅದು ಎಚ್ಚರಿಕೆ ನೀಡದೆಯೇ ಕಚ್ಚಬಹುದು.

ವಾಸನೆ

ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಪಾದಗಳ ಅಡಿ ಮತ್ತು ಬಾಲದ ಬುಡದಲ್ಲಿ ವಾಸನಾಗ್ರಂಥಿಗಳಿವೆ. ಕಾಲಿಗೆ ಮೈ ಉಜ್ಜುವ ಬೆಕ್ಕು ತನ್ನ ಗುರುತನ್ನು ಅಲ್ಲಿ ಬಿಟ್ಟು ಹೋಗುತ್ತದೆ. ಪೀಠೋಪಕರಣವನ್ನು ಪರಚುವುದು ಉಗುರಿನ ಹಳೆಯ ಪೊರೆ ಕಳಚಲು ಮತ್ತು ಕಾಣುವ ಗೀರಿನೊಂದಿಗೆ ವಾಸನೆಯನ್ನೂ ಉಳಿಸಲು. ಅದರಲ್ಲಿ ಹಗೆಯೇನೂ ಇಲ್ಲ. ಮೂತ್ರ ಸಿಂಪಡಿಸುವುದೂ ಗುರುತು ಹಾಕುವ ಕ್ರಮವೇ ಆಗಿದ್ದು, ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ ಗಂಡುಬೆಕ್ಕುಗಳಲ್ಲಿ ಹೆಚ್ಚು. ವಾಸನೆಯನ್ನು ಮೂಸಿದ ಬೆಕ್ಕು ಕೆಲವೊಮ್ಮೆ ಬಾಯಿ ಅರೆತೆರೆದು ಸ್ತಬ್ಧವಾಗುತ್ತದೆ. ಅದು ಅಸಹ್ಯದ ಮುಖಭಾವವಲ್ಲ. ಅಂಗುಳಿನ ಮೇಲಿರುವ ಜೇಕಬ್ಸನ್ ಅಂಗಕ್ಕೆ ವಾಸನೆಯನ್ನು ತಲುಪಿಸುವ ಕ್ರಿಯೆ.

ಸ್ಪರ್ಶ ಮತ್ತು ಕಡಿತ

ಹೆಚ್ಚಿನ ಬೆಕ್ಕುಗಳು ಕೆನ್ನೆ, ಗಲ್ಲ ಮತ್ತು ಕಿವಿಯ ಬುಡವನ್ನು ಸವರುವುದನ್ನು ಒಪ್ಪುತ್ತವೆ. ಹೊಟ್ಟೆ ಮತ್ತು ಬಾಲದ ಬುಡವನ್ನು ಮುಟ್ಟುವುದನ್ನು ಸಹಿಸುವುದಿಲ್ಲ. ಸವರಿಸಿಕೊಳ್ಳುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಚ್ಚಿತು ಎಂಬ ದೂರು ಸಾಮಾನ್ಯ. ಆದರೆ ಕಡಿತಕ್ಕೆ ಮುನ್ನ ಗುರುಗುರು ಸದ್ದು ನಿಲ್ಲುವುದು, ಬಾಲದ ತುದಿ ಮಿಡಿಯುವುದು, ಬೆನ್ನಿನ ಚರ್ಮ ಅದುರುವುದು, ಕಿವಿ ಪಕ್ಕಕ್ಕೆ ವಾಲುವುದು, ತಲೆ ಕೈಯ ಕಡೆಗೆ ತಿರುಗುವುದು ಇವುಗಳಲ್ಲಿ ಕೆಲವಾದರೂ ಕಂಡಿರುತ್ತವೆ. ಮಕ್ಕಳು ಈ ಸೂಚನೆಗಳನ್ನು ಗಮನಿಸದೆ ಹೆಚ್ಚಾಗಿ ಗಾಯಗೊಳ್ಳುತ್ತಾರೆ. ಎರಡರಿಂದ ಏಳು ವಾರಗಳ ವಯಸ್ಸಿನಲ್ಲಿ ಮನುಷ್ಯರ ಕೈಗೆ ಒಗ್ಗಿದ ಮರಿಗಳು ಮುಂದೆ ಸ್ಪರ್ಶವನ್ನು ಸುಲಭವಾಗಿ ಸಹಿಸುತ್ತವೆ; ಈ ಅವಧಿ ಕಳೆದ ಬೀದಿಬೆಕ್ಕು ಹೆದರುವುದನ್ನು ಕೆಟ್ಟ ಗುಣವೆಂದು ಎಣಿಸಲಾಗದು.

ಬೆಕ್ಕಿನ ಕೋರೆಹಲ್ಲು ಸಣ್ಣದಾದರೂ ಆಳಕ್ಕೆ ಇಳಿಯುತ್ತದೆ. ಗಾಯದ ಬಾಯಿ ಬೇಗ ಮುಚ್ಚಿಕೊಂಡು ಒಳಗೆ ಸೋಂಕು ಬೆಳೆಯುವ ಸಂಭವ ಹೆಚ್ಚು. ನಾಯಿಯಂತೆ ಬೆಕ್ಕಿನಿಂದಲೂ ರೇಬಿಸ್ ಹರಡಬಲ್ಲದು. ಕಚ್ಚಿದ ಅಥವಾ ಪರಚಿದ ಜಾಗವನ್ನು ಕೂಡಲೇ ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಲಸಿಕೆಗಾಗಿ ವೈದ್ಯರನ್ನು ಕಾಣುವುದು ಅಗತ್ಯ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚುವುದರಿಂದ ಪ್ರಯೋಜನವಿಲ್ಲ, ಹಾನಿಯಾಗಬಹುದು.

ನೋವು ಮತ್ತು ಕಾಯಿಲೆಯ ಲಕ್ಷಣಗಳು

ನೋವಿನಲ್ಲಿರುವ ಬೆಕ್ಕು ಕೂಗುವುದು ಅಪರೂಪ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಮಾಪನಕ್ರಮವು ಐದು ಅಂಶಗಳನ್ನು ಪರಿಶೀಲಿಸುತ್ತದೆ: ಕಿವಿಗಳ ಸ್ಥಾನ, ಕಣ್ಣುಗಳ ಬಿಗಿತ, ಮೂತಿಯ ಬಿಗಿತ, ಮೀಸೆಗಳ ನಿಲುವು ಮತ್ತು ಭುಜಕ್ಕೆ ಹೋಲಿಸಿದಂತೆ ತಲೆಯ ಎತ್ತರ. ಪ್ರತಿಯೊಂದಕ್ಕೂ 0ಯಿಂದ 2ರವರೆಗೆ ಅಂಕ ನೀಡಲಾಗುತ್ತದೆ; ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಬಂದರೆ ನೋವುನಿವಾರಕದ ಅಗತ್ಯವಿದೆಯೆಂದು ಪರಿಗಣಿಸಲಾಗುತ್ತದೆ. ನೋವಿರುವ ಬೆಕ್ಕಿನ ಕಿವಿಗಳು ಹೊರಕ್ಕೆ ವಾಲಿ ಪರಸ್ಪರ ದೂರವಾಗುತ್ತವೆ, ಕಣ್ಣು ಕಿರಿದಾಗುತ್ತದೆ, ಮೂತಿ ದುಂಡುತನ ಕಳೆದುಕೊಂಡು ಚಪ್ಪಟೆಯಾಗುತ್ತದೆ, ತಲೆ ಭುಜಕ್ಕಿಂತ ಕೆಳಗಿಳಿಯುತ್ತದೆ. ನೋಡುವವರಿಗೆ ಅದು ತೂಕಡಿಸುತ್ತಿರುವಂತೆ ಕಾಣುವುದೇ ಇಲ್ಲಿನ ತೊಡಕು.

ಮುಖಕ್ಕಿಂತ ದಿನಚರಿಯ ಬದಲಾವಣೆಯನ್ನು ಮನೆಯವರು ಸುಲಭವಾಗಿ ಗುರುತಿಸಬಹುದು. ಹಾರುತ್ತಿದ್ದ ಕಿಟಕಿಗೆ ಹಾರದಿರುವುದು, ಮೈ ನೆಕ್ಕಿಕೊಳ್ಳದೆ ರೋಮ ಗಂಟುಕಟ್ಟುವುದು ಅಥವಾ ಒಂದೇ ಜಾಗವನ್ನು ಬೋಳಾಗುವಂತೆ ನೆಕ್ಕುವುದು, ಮಂಚದ ಕೆಳಗೆ ದಿನವಿಡೀ ಅಡಗಿರುವುದು ವಯಸ್ಸಿನ ಸಹಜ ಲಕ್ಷಣಗಳೆಂದು ಕಡೆಗಣಿಸಲ್ಪಡುತ್ತವೆ. ಮುದಿಬೆಕ್ಕುಗಳಲ್ಲಿ ಇವುಗಳ ಹಿಂದೆ ಕೀಲುನೋವು ಇರುವುದು ಸಾಮಾನ್ಯ.

ಮರಳಿನ ತಟ್ಟೆಗೆ ಪದೇಪದೇ ಹೋಗಿ ಕುಳಿತರೂ ಮೂತ್ರ ಬಾರದಿರುವುದು, ಅಥವಾ ಎಲ್ಲೆಂದರಲ್ಲಿ ತೊಟ್ಟುತೊಟ್ಟಾಗಿ ಮಾಡುವುದು, ಹೆಚ್ಚಾಗಿ ಹಟವೆಂದೋ ಮಲಬದ್ಧತೆಯೆಂದೋ ತಪ್ಪಾಗಿ ಅರ್ಥೈಸಲ್ಪಡುತ್ತದೆ. ಗಂಡುಬೆಕ್ಕಿನ ಮೂತ್ರನಾಳ ಕಿರಿದಾಗಿದ್ದು, ಅದು ಕಟ್ಟಿಕೊಂಡಾಗ ಒಂದೆರಡು ದಿನಗಳೊಳಗೆ ಪ್ರಾಣ ಹೋಗಬಹುದು. ಇದು ಅದೇ ದಿನ ಪಶುವೈದ್ಯರನ್ನು ಕಾಣಬೇಕಾದ ತುರ್ತುಸ್ಥಿತಿ. ಮನುಷ್ಯರ ನೋವಿನ ಮಾತ್ರೆಗಳನ್ನು ಬೆಕ್ಕಿಗೆ ಕೊಡಬಾರದು. ಪ್ಯಾರಾಸಿಟಮಾಲನ್ನು ವಿಘಟಿಸುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ ಇರುವುದರಿಂದ ಒಂದೇ ಮಾತ್ರೆಯೂ ಮಾರಕವಾಗಬಲ್ಲದು.

ನಂಬಿಕೆ ಮತ್ತು ನುಡಿಗಟ್ಟುಗಳಲ್ಲಿ

ಕನ್ನಡದಲ್ಲಿ ಬೆಕ್ಕಿಗೆ ಕೊತ್ತಿ, ಮಾರ್ಜಾಲ, ಬಿಡಾಲ ಎಂಬ ಹೆಸರುಗಳೂ ಇವೆ. ಬೆಕ್ಕಿನ ವರ್ತನೆಯ ಸೂಕ್ಷ್ಮ ಗಮನಿಕೆ ಹಲವು ನುಡಿಗಟ್ಟುಗಳಲ್ಲಿ ಉಳಿದಿದೆ. ಸದ್ದಿಲ್ಲದೆ ನಡೆಯುವುದನ್ನು ಬೆಕ್ಕಿನ ಹೆಜ್ಜೆ ಎನ್ನುತ್ತಾರೆ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎಂಬ ಗಾದೆ ಹೇಳುವ ಚೆಲ್ಲಾಟದಲ್ಲಿ ಕ್ರೌರ್ಯಕ್ಕಿಂತ ಎಚ್ಚರಿಕೆಯ ಪಾಲು ಹೆಚ್ಚು. ಇಲಿ ದೊಡ್ಡದಿದ್ದು ಹಸಿವು ಕಡಿಮೆಯಿದ್ದಾಗ, ತಿರುಗಿ ಕಚ್ಚಬಲ್ಲ ಬೇಟೆಯನ್ನು ಬೆಕ್ಕು ದೂರದಿಂದಲೇ ಪಂಜದಿಂದ ತಟ್ಟಿ ದಣಿಸುತ್ತದೆ. ಬಿಸಿಹಾಲಿಗೆ ಬಾಯಿ ಸುಟ್ಟುಕೊಂಡು ಹಾಲನ್ನು ಕಂಡರೇ ಓಡುವ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ, ಒಂದೇ ಕಹಿ ಅನುಭವದಿಂದ ಬೆಕ್ಕು ದೀರ್ಘಕಾಲ ವಸ್ತುವೊಂದನ್ನು ದೂರವಿಡುತ್ತದೆ ಎಂಬ ನಿಜವನ್ನೇ ಆಧರಿಸಿದೆ. ಬೆಕ್ಕು ಅಡ್ಡ ಬಂದರೆ ಅಪಶಕುನವೆಂಬ ನಂಬಿಕೆಗೆ ಮಾತ್ರ ಅದರ ವರ್ತನೆಯಲ್ಲಿ ಯಾವ ಆಧಾರವೂ ಇಲ್ಲ.

ಶ್ರೀವೈಷ್ಣವರ ತೆಂಗಲೈ ಪರಂಪರೆಯಲ್ಲಿ ಸಂಪೂರ್ಣ ಶರಣಾಗತಿಯನ್ನು ವಿವರಿಸಲು ಮಾರ್ಜಾಲಕಿಶೋರ ನ್ಯಾಯ ಎಂಬ ದೃಷ್ಟಾಂತವನ್ನು ಬಳಸುತ್ತಾರೆ. ಕೋತಿಯ ಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿದರೆ, ಬೆಕ್ಕಿನ ಮರಿ ಏನೂ ಮಾಡದೆ ತಾಯಿಯ ಬಾಯಲ್ಲಿ ತೂಗಾಡುತ್ತದೆ. ಕುತ್ತಿಗೆಯ ಹಿಂಭಾಗದ ಚರ್ಮವನ್ನು ಹಿಡಿದೊಡನೆ ಮರಿ ಕಾಲು ಮಡಚಿ ನಿಶ್ಚಲವಾಗುವುದು ಒಂದು ಸಹಜ ಪ್ರತಿಕ್ರಿಯೆ. ವಯಸ್ಕ ಬೆಕ್ಕನ್ನು ಹಾಗೆ ಹಿಡಿದೆತ್ತಿದರೆ ದೇಹದ ಭಾರವೆಲ್ಲ ಆ ಚರ್ಮದ ಮೇಲೆ ಬಿದ್ದು ನೋವಾಗುತ್ತದೆ. ಆಗ ಅದು ಅಲುಗಾಡದಿರುವುದು ಭಯದಿಂದಲೇ ಹೊರತು ಒಪ್ಪಿಗೆಯಿಂದಲ್ಲ.